ಮದುವೆಮನೆ ಕಾಫಿ ಮಷೀನಿನಲ್ಲಿ ಉಗಿ ಕೂಡಿಟ್ಟ ಮೂರು ಭಾನುವಾರ

ನಾನು ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಬೆಳಿಗ್ಗೆ ಇಸ್ತ್ರಿ ಟೇಬಲ್‌ಗಳೆಲ್ಲ ಒಟ್ಟಿಗೆ ಶುರುವಾದರೆ ಪ್ರೆಶರ್ 8 ಕೆಜಿಯಿಂದ (ಪ್ರೆಶರಿನ ಕೆಜಿ ಅಂದರೆ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಒತ್ತಡ) ಸರ್ರನೆ ಇಳಿಯುತ್ತೆ. ಟೀಗೆ ಎಲ್ಲರೂ ಎದ್ದು ಹೋದರೆ ಸೇಫ್ಟಿ ವಾಲ್ವ್ ಬುಸುಗುಡುತ್ತೆ. ನಮ್ಮದು ಬ್ರಿಕೆಟ್ (ಒತ್ತಿ ಮಾಡಿದ ಸೌದೆ ಉಂಡೆ) ಉರಿಸುವ ಒಲೆ, ಗ್ಯಾಸ್ ಸ್ಟೌ ಥರ ತಿರುವಿದ ಕೂಡಲೇ ಆರುವಂಥದ್ದಲ್ಲ. ಟೀ ಹೊತ್ತಿನ ಉಗಿಯನ್ನು ಬೆಳಗಿನ ಹೊತ್ತಿಗೆ ಎತ್ತಿಡಲು ಸ್ಟೀಮ್ ಅಕ್ಯುಮ್ಯುಲೇಟರ್ ಎಂಬ ಟ್ಯಾಂಕಿದೆ. ರೂಥ್ಸ್ ಎಂಬ ಸ್ವೀಡನ್ನಿನ ಇಂಜಿನಿಯರ್ ರೂಪಿಸಿದ್ದು. 1929ರಲ್ಲಿ ಬರ್ಲಿನ್ನಿನ ಶಾರ್ಲೊಟನ್‌ಬುರ್ಗ್ ವಿದ್ಯುತ್ ಸ್ಥಾವರದಲ್ಲಿ ಇಂಥ 16 ಟ್ಯಾಂಕು ನಿಲ್ಲಿಸಿದ್ದರು. ಮನೆಯಲ್ಲಿ ಮಾಡಿ ನೋಡಲು ನನಗೆ ಪುಟ್ಟದೊಂದು ಸಾಕಿತ್ತು.

ಮೊದಲ ಭಾನುವಾರ

ಸಂತೆಪೇಟೆ ಕಡೆಯ ಗುಜರಿಯಲ್ಲಿ ಮದುವೆಮನೆಗಳ ಹಳೇ ಎಸ್ಪ್ರೆಸೊ ಮಷೀನು ಸಿಕ್ಕಿತು. 14 ಲೀಟರ್ ಹಿಡಿಯುತ್ತೆ. ಬಾಯ್ಲರ್ ಕಾಯ್ದೆ ಹೇಳುವ 25 ಲೀಟರ್‌ಗಿಂತ ಚಿಕ್ಕದು, ಆದರೆ ಕೈ ಸುಡುವುದಕ್ಕೆ ಕಾಯ್ದೆ ಬೇಕಿಲ್ಲ. ಹಳೇ ಗೇಜು, ಸೇಫ್ಟಿ ವಾಲ್ವ್ ಎರಡನ್ನೂ ಕಿತ್ತು ಹೊಸತು ಹಾಕಿಸಿದೆ. ಪೂರ್ತಿ ನೀರು ತುಂಬಿ, ಕೈಪಂಪಿನಲ್ಲಿ 4 ಕೆಜಿ ಒತ್ತಿ ಅರ್ಧ ಗಂಟೆ ಬಿಟ್ಟೆ. ಒಂದು ಜಾಯಿಂಟ್ ಜಿನುಗಿತು, ಬಿಗಿ ಮಾಡಿದೆ. "ಏನ್ರೀ, ಮನೇಲೇ ಮದುವೆ ಮಾಡ್ತೀರಾ?" ಅಂದಳು ಮನೆಯವಳು.

ಎರಡನೇ ಭಾನುವಾರ

10 ಕೆಜಿ ನೀರು ಹಾಕಿ ಗೇಜು 2 ಕೆಜಿ ತೋರಿಸುವವರೆಗೆ ಕಾಯಿಸಿ ಒಲೆ ಆರಿಸಿದೆ. ಒಳಗೆ 132 ಡಿಗ್ರಿ. (ಹಾಸನ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97ಕ್ಕೇ ಕುದಿಯುತ್ತೆ, ಆ ಲೆಕ್ಕ ಸೇರಿಸಿಯೇ.) ಕೊಳಾಯಿ ಬಿಟ್ಟು ಅರ್ಧ ಕೆಜಿಗೆ ಇಳಿಸಿದರೆ ನೀರು 109ಕ್ಕೆ ತಣಿಯಬೇಕು. ಹಾಗೆ ತಣಿಯುವಾಗ ಬಿಟ್ಟುಕೊಡುವ ಶಾಖದಲ್ಲಿ ಅದೇ ನೀರಿನ ಒಂದು ಪಾಲು ತಾನೇ ಕುದಿದು ಉಗಿಯಾಗುತ್ತೆ, ಸುಮಾರು 430 ಗ್ರಾಂ.

ಡ್ಯೂಟಿಯಲ್ಲಿ ನಮ್ಮ ಹುಡುಗರಿಗೆ ಅರ್ಥ ಮಾಡಿಸಲು ಒದ್ದಾಡುವುದು ಇದನ್ನೇ. ಟ್ಯಾಂಕಿನಲ್ಲಿ ಕೂಡಿಡುವುದು ಉಗಿಯನ್ನಲ್ಲ, ನೀರನ್ನು. ಅದೇ 10 ಲೀಟರ್ ಜಾಗದಲ್ಲಿ ಬರೀ ಉಗಿ ತುಂಬಿದ್ದರೆ ಒಟ್ಟು ತೂಕವೇ 16 ಗ್ರಾಂ ಸುತ್ತಮುತ್ತ. ಅದರಲ್ಲಿ ಅರ್ಧವೂ ಹೊರಗೆ ಬರುವುದಿಲ್ಲ.

ಉಗಿಯನ್ನು 24 ಡಿಗ್ರಿಯ 10 ಕೆಜಿ ತಣ್ಣೀರಿನ ಬಕೆಟ್ಟಿಗೆ ಬಿಟ್ಟು ತೂಗಿದೆ. 610 ಗ್ರಾಂ ಏರಿತ್ತು! ಪುಸ್ತಕದ ಲೆಕ್ಕಕ್ಕಿಂತ ಜಾಸ್ತಿ. ಐದು ನಿಮಿಷ ಹಿಗ್ಗಿದೆ. ಆಮೇಲೆ ಥರ್ಮಾಮೀಟರ್ ನೋಡಿದೆ: 48 ಡಿಗ್ರಿ. ಅಷ್ಟೂ ಉಗಿಯೇ ಆಗಿದ್ದರೆ 60 ಆಗಬೇಕಿತ್ತು. ಕೊಳಾಯಿಯನ್ನು ಒಮ್ಮೆಲೇ ಪೂರ್ತಿ ತಿರುವಿದ್ದೆ, ಉಗಿ ತನ್ನ ಜೊತೆ ಕುದಿನೀರನ್ನೂ ಎಳೆದು ತಂದಿತ್ತು.

ಮತ್ತೆ ಕಾಯಿಸಿ, ಈ ಸಲ ಕಾಲು ಸುತ್ತು ಮಾತ್ರ ಬಿಟ್ಟೆ. 410 ಗ್ರಾಂ. ಬಕೆಟ್ ಆಗಲೂ 48 ಡಿಗ್ರಿಯೇ. ತೂಕದಲ್ಲಿ 200 ಗ್ರಾಂ ಹೋದರೂ ಶಾಖದಲ್ಲಿ ಏನೂ ಹೋಗಲಿಲ್ಲ.

ರಾತ್ರಿ ಫ್ಯಾಕ್ಟರಿಗೂ ಲೆಕ್ಕ ಹಾಕಿದೆ. 5 ಟನ್ ನೀರಿನ ಟ್ಯಾಂಕಿದ್ದು, ಪ್ರೆಶರ್ 8ರಿಂದ 4 ಕೆಜಿಗೆ ಇಳಿದರೆ ಸುಮಾರು 250 ಕೆಜಿ ಉಗಿ. ಬೆಳಗಿನ 20 ನಿಮಿಷಕ್ಕೆ ಹಂಚಿದರೆ ಗಂಟೆಗೆ 750 ಕೆಜಿಯ ಇನ್ನೊಂದು ಬಾಯ್ಲರ್ ಪಕ್ಕದಲ್ಲಿದ್ದಂತೆ. ಇಪ್ಪತ್ತೊಂದನೇ ನಿಮಿಷಕ್ಕೆ ಅದು ಇರುವುದಿಲ್ಲ, ಅದು ಬೇರೆ ಮಾತು.

ಮೂರನೇ ಭಾನುವಾರ

ಶಾಖ ಎಷ್ಟು ಹೊತ್ತು ನಿಲ್ಲುತ್ತೆ? ಬರೀ ಮೈಯಲ್ಲಿ 2ರಿಂದ ಅರ್ಧ ಕೆಜಿಗೆ ಇಳಿಯಲು 50 ನಿಮಿಷ. ಎರಡಿಂಚು ಗ್ಲಾಸ್‌ವುಲ್ ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಕಟ್ಟಿದ ಮೇಲೆ 3 ಗಂಟೆ 20 ನಿಮಿಷ. ಐದು ಗಂಟೆ ಬರುತ್ತೆ ಅಂದುಕೊಂಡಿದ್ದೆ. ತಗಡಿನ ಮೇಲೆ ಕೈ ಇಟ್ಟರೆ ಬೆಚ್ಚಗಿತ್ತು ಅಷ್ಟೇ. ನಿಂತಿರುವ ಮೂರು ಕಬ್ಬಿಣದ ಕಾಲು ಮುಟ್ಟಿದರೆ ಚುರ್ ಅಂದಿತು. ಕೊಳಾಯಿಯೂ ಹಾಗೇ. ಕಾಲಿನಡಿ ಇಡಲು ಶಾಖ ತಡೆಯುವ ಫೈರ್ ಬ್ರಿಕ್ ತರಲು ಹೇಳಿದ್ದೇನೆ, ಬುಧವಾರ ಬರುತ್ತೆ. ಗ್ಲಾಸ್‌ವುಲ್ ಮುಟ್ಟಿದ ಕೈ ಮಾತ್ರ ಇನ್ನೂ ಕೆರೆಯುತ್ತಿದೆ.