ಕೀ ಕೊಡುವ ವಾಚನ್ನು ಯಾರ ಕೈಗೆ ಕೊಡುವುದು?

ಮೈಸೂರಿನ ಒಂದು ವಾಚ್ ಅಂಗಡಿಯ ಸರ್ವಿಸ್ ಕೌಂಟರಿನಲ್ಲಿ ನನ್ನ ಕೆಲಸ. ಸೆಲ್ ಹಾಕೋದು, ಸ್ಟ್ರಾಪ್ ಬದಲಾಯಿಸೋದು, ಒಡೆದ ಗ್ಲಾಸ್ ಕೂರಿಸೋದು ಎಲ್ಲ ನಮ್ಮಲ್ಲೇ ಮುಗಿಯುತ್ತದೆ. ಕೀ ಕೊಡುವ ವಾಚೋ ಆಟೋಮ್ಯಾಟಿಕ್ಕೋ ಬಂದರೆ ಮಾತ್ರ ಹೊರಗೆ ಕಳಿಸಬೇಕು. ವಾಚಿನ ಒಳಗಿನ ಮಷೀನ್ ಬಿಚ್ಚಿ ಜೋಡಿಸುವವರು ನಮ್ಮಲ್ಲಿ ಯಾರೂ ಇಲ್ಲ. ಜಾಬ್ ಕಾರ್ಡಿನ ಮೇಲೆ ಅಂಗಡಿಯ ಹೆಸರು, ಕೆಲಸ ಬೇರೆಯವರದ್ದು. ಇದನ್ನು ಕಸ್ಟಮರ್‌ಗೆ ಹೇಳಕೂಡದು ಅಂತ ಮ್ಯಾನೇಜರ್ ಆಜ್ಞೆ. ಹಾಗಾಗಿ ನಂಬಬಹುದಾದ ರಿಪೇರಿಯವರನ್ನು ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮೊದಲು ಸಿಕ್ಕವರ ಅಂಗಡಿ ಫಳಫಳ ಅನ್ನುತ್ತಿತ್ತು. ಒಳ್ಳೆ ಲೈಟು, ಎಸಿ, ನಗುನಗುತ್ತಾ ಮಾತು. ಯಾವ ವಾಚ್ ಕೊಟ್ಟರೂ ‘ಆಗುತ್ತೆ ಸಾರ್, ಗುರುವಾರ ತಗೊಳ್ಳಿ’. ಗುರುವಾರ ಕೊಡುತ್ತಲೂ ಇದ್ದರು. ನಮ್ಮ ಟಿಎಟಿ ಶೀಟ್, ಅಂದರೆ ವಾಚ್ ಎಷ್ಟು ದಿನದಲ್ಲಿ ವಾಪಸ್ ಕೊಟ್ಟೆವು ಅನ್ನುವ ಪಟ್ಟಿ, ಪೂರ್ತಿ ಹಸಿರು. ಮ್ಯಾನೇಜರ್ ಗ್ರೂಪಿನಲ್ಲಿ ನನಗೊಂದು ಹೆಬ್ಬೆರಳು ಒತ್ತಿದರು.

ಕೆಲವು ತಿಂಗಳಾದ ಮೇಲೆ ಅದೇ ವಾಚುಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ನಿಂತಿದೆ, ಇಲ್ಲವೇ ದಿನಕ್ಕೆ ಹತ್ತು ನಿಮಿಷ ಹಿಂದೆ. ಬ್ಯಾಕ್ ಕವರ್ ತೆಗೆದು ನೋಡಿದರೆ ಅಲ್ಲಲ್ಲಿ ಸ್ಕ್ರೂ ತಲೆ ತಿರುಚಿತ್ತು, ಎಣ್ಣೆ ಬೇಡದ ಜಾಗಕ್ಕೆಲ್ಲ ಹರಿದಿತ್ತು. ಆಮೇಲೆ ತಿಳಿಯಿತು, ಅವರದ್ದು ಪೆಟ್ರೋಲ್ ಸರ್ವಿಸ್. ಮಷೀನನ್ನು ಬಿಚ್ಚುವುದೇ ಇಲ್ಲ, ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ ಒಣಗಿಸಿ, ಮೇಲಿಂದ ಎಣ್ಣೆ ಬಿಡುತ್ತಾರೆ. ತಕ್ಷಣಕ್ಕೆ ಚೆನ್ನಾಗಿ ಓಡುತ್ತದೆ. ಆದರೆ ಚಕ್ರಗಳ ತುದಿ ಕೂರುವ ಸಣ್ಣ ಕಲ್ಲುಗಳ ಒಳಗಿನ ಹಳೇ ಜಿಡ್ಡು ಪೂರ್ತಿ ಹೋಗಿರುವುದಿಲ್ಲ. ಸರಿಯಾದ ಸರ್ವಿಸ್ ಅಂದರೆ ಪ್ರತಿ ಚಕ್ರ ಬೇರೆ ಮಾಡಬೇಕು, ತೊಳೆಯಬೇಕು, ಅತ್ತಿತ್ತ ಆಡುತ್ತಾ ವೇಗ ಕಾಯುವ ಬ್ಯಾಲೆನ್ಸ್ ಚಕ್ರಕ್ಕೆ ತೆಳು ಎಣ್ಣೆ, ನಿಧಾನವಾಗಿ ತಿರುಗುವ ಕಡೆಗೆ ಮಂದ ಎಣ್ಣೆ, ಕೀ ಕೊಟ್ಟಾಗ ಬಿಗಿಯುವ ಮೇನ್ ಸ್ಪ್ರಿಂಗಿಗೆ ಗ್ರೀಸ್. ಎಲ್ಲದಕ್ಕೂ ಒಂದೇ ಬಾಟಲಿ ಹಿಡಿದವರು ಕೆಲಸ ಕದಿಯುತ್ತಿದ್ದಾರೆ ಎಂದೇ ಲೆಕ್ಕ.

ಇನ್ನೊಂದು ಕೇಸಿನಲ್ಲಿ ಅವರು ಹಳೇ ಎಚ್‌ಎಂಟಿ ಜನತಾ ವಾಚಿನ ಡಯಲ್ಲಿಗೆ ಹೊಸದಾಗಿ ಬಣ್ಣ ಹೊಡೆಸಿ ತಂದಿದ್ದರು, ಯಾರೂ ಕೇಳದಿದ್ದರೂ. ‘ನೋಡಿ, ಹೊಸದರ ಹಾಗಿದೆ’ ಅಂದರು. ಆ ಮಾಸಿದ ಡಯಲ್ಲಿಗೋಸ್ಕರವೇ ಅದನ್ನು ಇಟ್ಟುಕೊಂಡಿದ್ದ ಹೆಂಗಸು ಕೌಂಟರ್ ಮುಂದೆ ಕಣ್ಣೊರೆಸಿಕೊಂಡರು. ಬೈಗುಳ ತಿಂದವನು ನಾನು.

ನಮ್ಮ ಕಡೆ ಎಚ್‌ಎಂಟಿ ಇಲ್ಲದ ಮನೆ ಕಡಿಮೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾಗಿದ್ದು. ಆಮೇಲೆ ತುಮಕೂರಿನಲ್ಲೂ ಫ್ಯಾಕ್ಟರಿ ಬಂತು. ಮದುವೆಗೆ, ರಿಟೈರ್‌ಮೆಂಟಿಗೆ, ಎಸ್‌ಎಸ್‌ಎಲ್‌ಸಿ ಪಾಸಾದರೆ ಅದೇ ಉಡುಗೊರೆ. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚಲು ಒಪ್ಪಿದ ಮೇಲೆ ಸ್ಪೇರ್ ಎಲ್ಲಿಂದ ಬರಬೇಕು? ಹಳೇ ಸ್ಟಾಕ್ ಇಟ್ಟವರ ಡಬ್ಬಿಯಿಂದ, ಇಲ್ಲವೇ ಇನ್ನೊಂದು ಸತ್ತ ವಾಚಿನಿಂದ. ಅಂದಮೇಲೆ ಬಿಚ್ಚುವಾಗ ಒಂದು ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸ್ ಆಡಿಸುವ ಕೂದಲೆಳೆಯಂಥ ಸುರುಳಿ) ಸೊಟ್ಟ ಮಾಡಿದರೂ ಕಥೆ ಮುಗಿಯಿತು.

ಹೀಗಿರುವಾಗ ದೊಡ್ಡ ಗಡಿಯಾರದ ಗೋಪುರದ ಹತ್ತಿರದ ಸಂದಿಯಲ್ಲಿ ಒಬ್ಬರು ಯಜಮಾನ್ರು ಸಿಕ್ಕರು. ಮೇಜು, ಸ್ಟೂಲು, ಒಂದು ಟೇಬಲ್ ಲ್ಯಾಂಪು, ಅಷ್ಟೇ ಅಂಗಡಿ. ನಿಜ ಹೇಳಬೇಕೆಂದರೆ ಅವರು ನನಗೆ ಹಿಡಿಸಲೇ ಇಲ್ಲ. ವಾಚ್ ಕೊಟ್ಟರೆ ಕಣ್ಣಿಗೆ ಲೂಪ್ (ಭೂತಗನ್ನಡಿ) ಹಾಕಿ ನೋಡಿ, ‘ಇದನ್ನ ನಾನು ಮುಟ್ಟಲ್ಲ ಕಣಪ್ಪ, ತಗೊಂಡ್ಹೋಗು’ ಅನ್ನೋರು. ನಮ್ಮ ಆರ್‌ಡಬ್ಲ್ಯುಆರ್, ಅಂದರೆ ರಿಪೇರಿಯಾಗದೆ ವಾಪಸ್ ಹೋದ ವಾಚುಗಳ ಲೆಕ್ಕ, ಏರಿತು. ಮುಟ್ಟಿದ್ದನ್ನೂ ಬೇಗ ಕೊಡುತ್ತಿರಲಿಲ್ಲ. ಕೆಲಸ ಮುಗಿದ ಮೇಲೂ ವಾಚನ್ನು ಮೇಲೆ ಮುಖ, ಕೆಳಗೆ ಮುಖ, ಕೀ ಕೆಳಗೆ, ಹೀಗೆ ಬೇರೆ ಬೇರೆ ಥರ ಮಲಗಿಸಿ ದಿನಗಟ್ಟಲೆ ಓಡಿಸಿ ನೋಡುವರು. ಟಿಎಟಿ ಶೀಟಿನಲ್ಲಿ ಅವರ ಸಾಲು ಪೂರ್ತಿ ಕೆಂಪು. ಬದಲಾಯಿಸಿದ ಹಳೇ ಪಾರ್ಟ್‌ಗಳನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಿದ್ದರು. ಇದ್ಯಾಕೆ ಬೇಕು ಅಂತ ಅದನ್ನು ಡ್ರಾಯರಿಗೆ ಎಸೆಯುತ್ತಿದ್ದೆ.

ಅಷ್ಟರಲ್ಲಿ ಮ್ಯಾನೇಜರ್ ಒಂದು ಟೈಮ್‌ಗ್ರಾಫರ್ ತರಿಸಿದರು, ಟಿಕ್‌ಟಿಕ್ ಕೇಳಿ ವಾಚ್ ದಿನಕ್ಕೆ ಎಷ್ಟು ಸೆಕೆಂಡ್ ಹಿಂದೆ-ಮುಂದೆ ಅಂತ ಪರದೆ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ. ನಮಗೆ ಕಲಿಸಲು ಅಲ್ಲ, ಕಸ್ಟಮರ್‌ಗೆ ತೋರಿಸಲು. ಪರದೆ ಅವರ ಕಡೆಗೇ ತಿರುಗಿರಬೇಕಂತೆ, ‘ಕಾನ್ಫಿಡೆನ್ಸ್ ಬರುತ್ತೆ’. ಕೌಂಟರಿನಲ್ಲಿ ಬಿಲ್ಲಿಂಗ್ ಟ್ಯಾಬ್ ಪಕ್ಕ ಅದಕ್ಕೆ ಜಾಗ ಮಾಡಿದೆವು.

ಮಂಡ್ಯದಿಂದ ಒಬ್ಬರು ನಿವೃತ್ತ ಮೇಷ್ಟ್ರು ತಮ್ಮ ಎಚ್‌ಎಂಟಿ ವಾಪಸ್ ಒಯ್ಯಲು ಬಂದಿದ್ದರು. 17 ಕಲ್ಲಿನ, ಗಂಟೆಗೆ 18,000 ಸಲ ಬಡಿಯುವ ಸಾದಾ ಕೀ ವಾಚ್. ಯಜಮಾನ್ರ ಕೈಯಿಂದ ಅವತ್ತು ಬೆಳಿಗ್ಗೆಯೇ ಬಂದಿತ್ತು. ಬಿಲ್ ಮಾಡಿ, ಕೀ ಕೊಟ್ಟು, ಜಂಬದಿಂದ ಟೈಮ್‌ಗ್ರಾಫರ್ ಮೇಲೆ ಇಟ್ಟೆ. ಗೆರೆ ಸರ್ರನೆ ಮೇಲಕ್ಕೆ ಹತ್ತಿತು. ದಿನಕ್ಕೆ 400 ಸೆಕೆಂಡಿಗೂ ಜಾಸ್ತಿ ಮುಂದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆ ಓದಿದರು. ‘ಇದು ಏನು ಲೆಕ್ಕ?’ ಅಂದರು. ಲೆಕ್ಕದ ಮೇಷ್ಟ್ರೇ ಇರಬೇಕು, ನಾನು ಬಾಯಿ ತೆರೆಯುವುದರೊಳಗೆ ಅವರೇ ಅರವತ್ತರಿಂದ ಭಾಗಿಸಿದ್ದರು.

ತೆಗೆದು ಮತ್ತೆ ಇಟ್ಟೆ. ಅದೇ. ತಿರುಗಿಸಿ ಇಟ್ಟೆ. ಅದೇ. ಹಿಂದೆ ಮ್ಯಾನೇಜರ್ ಬಂದು ನಿಂತಿದ್ದು ಗೊತ್ತಾಯಿತು. ಕಸ್ಟಮರ್ ಎದುರಿಗೇ ಯಜಮಾನ್ರಿಗೆ ಫೋನ್ ಮಾಡಿದೆ, ಅದೂ ಸ್ಪೀಕರಿನಲ್ಲಿ. ‘ಏನ್ ಸಾರ್ ಇದು, ಹಿಂಗಾ ಕೆಲಸ ಮಾಡೋದು?’ ಅಂತ ಸಾಕಷ್ಟು ಜೋರಾಗೇ ಕೇಳಿದೆ. ಅವರು ಒಂದೇ ಮಾತು ಕೇಳಿದರು, ‘ವಾಚ್ ಎಲ್ಲಿ ಇಟ್ಟಿದ್ದಪ್ಪ?’ ಜಾರಿಕೊಳ್ಳುತ್ತಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ‘ಬರ್ತೀನಿ ಇರು’ ಅಂದು ಫೋನಿಟ್ಟರು.

ಅವರು ನಡೆದು ಬರುವಷ್ಟು ಹೊತ್ತು ಮೇಷ್ಟ್ರು ಗೋಡೆ ಗಡಿಯಾರ ನೋಡುತ್ತಿದ್ದರು. ರೈಲಿಗೆ ಹೋಗಬೇಕಿತ್ತು. ಮ್ಯಾನೇಜರ್ ಸನ್ನೆ ಮಾಡಿದರು, ರೀಡೂ ಕಾರ್ಡ್ (ಮತ್ತೆ ರಿಪೇರಿಗೆ ಕಳಿಸುವ ಚೀಟಿ) ಬರೆ ಅಂತ. ಬರೆದೆ. ಕಾರಣದ ಕಾಲಮ್ಮಿನಲ್ಲಿ ‘ಪೂರ್ ವರ್ಕ್‌ಮನ್‌ಶಿಪ್’ ಎಂದೂ ತುಂಬಿದೆ. ಒಬ್ಬರನ್ನಾದರೂ ಕೇಳಬಹುದಿತ್ತು.

ಯಜಮಾನ್ರು ಬಂದವರೇ ಜೇಬಿನಿಂದ ಮಕ್ಕಳ ಕಂಪಾಸ್ ತೆಗೆದರು, ದಿಕ್ಕು ನೋಡುವುದು. ವಾಚಿನ ಮೇಲೆ ಹಿಡಿದರು. ಮುಳ್ಳು ನಡುಗುತ್ತಾ ಅತ್ತಿತ್ತ ಆಡಿತು. ಆಮೇಲೆ ಅದನ್ನು ಕೌಂಟರ್ ಉದ್ದಕ್ಕೂ ಎಳೆದುಕೊಂಡು ಹೋದರು. ಟ್ಯಾಬ್ ಕವರ್ ಹತ್ತಿರ ಮುಳ್ಳು ಗಿರ್ರನೆ ತಿರುಗಿ ಅಲ್ಲೇ ನಿಂತಿತು. ಕವರ್ ಮುಚ್ಚಿಕೊಳ್ಳಲು ಅಂಚಿನಲ್ಲಿ ಮ್ಯಾಗ್ನೆಟ್ ಇದೆಯಲ್ಲ, ಬಿಲ್ ಮಾಡುವಾಗ ವಾಚನ್ನು ಅದರ ಮೇಲೇ ಇಟ್ಟಿದ್ದೆ. ಹೇರ್‌ಸ್ಪ್ರಿಂಗಿಗೆ ಮ್ಯಾಗ್ನೆಟ್ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಸ್ಪ್ರಿಂಗ್ ಗಿಡ್ಡವಾದ ಹಾಗೆ ಆಗಿ ಬ್ಯಾಲೆನ್ಸ್ ಬೇಗ ಬೇಗ ಆಡುತ್ತದೆ. ಅವರು ತಮ್ಮ ನೀಲಿ ಬಣ್ಣದ ಡಿಮ್ಯಾಗ್ನೆಟೈಸರ್, ಅಂದರೆ ಹಿಡಿದ ಮ್ಯಾಗ್ನೆಟ್ ಬಿಡಿಸುವ ಸಾಧನ, ಪ್ಲಗ್ ಹಾಕಿ, ಬಟನ್ ಒತ್ತಿಕೊಂಡೇ ವಾಚನ್ನು ನಿಧಾನಕ್ಕೆ ಮೇಲೆತ್ತಿದರು. ಮತ್ತೆ ಟೈಮ್‌ಗ್ರಾಫರಿಗೆ ಇಟ್ಟರೆ ಗೆರೆ ಹೆಚ್ಚೂಕಡಿಮೆ ನೆಟ್ಟಗೆ. ಹನ್ನೊಂದು ಸೆಕೆಂಡ್ ಮುಂದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಯಜಮಾನ್ರು ‘ನಾನು ಎಂಟು ಸೆಕೆಂಡಿಗೆ ಬಿಟ್ಟಿದ್ದೆ, ಇನ್ನೆರಡು ದಿನ ಇರಲಿ’ ಅಂತ ವಾಚನ್ನು ಜೇಬಿಗೆ ಹಾಕಲು ಹೊರಟರು. ಸ್ವಿಟ್ಜರ್ಲೆಂಡಿನಲ್ಲಿ ಕ್ರೊನೊಮೀಟರ್ (ಅತಿ ನಿಖರ ವಾಚ್) ಅಂತ ಸರ್ಟಿಫಿಕೇಟ್ ಪಡೆಯುವ ಮಷೀನಿಗೇ ದಿನಕ್ಕೆ ಸರಾಸರಿ ನಾಲ್ಕು ಸೆಕೆಂಡ್ ಹಿಂದೆ, ಆರು ಮುಂದೆ ಎಂಬ ಮಿತಿ. ಹಳೇ ಎಚ್‌ಎಂಟಿ ಹನ್ನೊಂದು ಸೆಕೆಂಡಿಗೆ ಬಂದರೆ ಸಿಹಿ ಹಂಚಬಹುದು. ಮೇಷ್ಟ್ರು ಹೆಚ್ಚುಕಡಿಮೆ ಅವರ ಕೈಯಿಂದ ಕಿತ್ತುಕೊಂಡೇ ರೈಲಿಗೆ ಓಡಿದರು.

ಹೋಗುವ ಮುಂಚೆ ಯಜಮಾನ್ರು ಕೌಂಟರ್ ಮೇಲಿದ್ದ ರೀಡೂ ಕಾರ್ಡ್ ಎತ್ತಿ ಓದಿದರು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಯಾರಾದರೂ ‘ಒಳ್ಳೆ ರಿಪೇರಿಯವರು ಇದ್ದಾರಾ’ ಅಂತ ಕೇಳಿದರೆ ನಾನು ಬೋರ್ಡಾಗಲಿ ಮಷೀನಾಗಲಿ ನೋಡಬೇಡಿ ಅನ್ನುತ್ತೇನೆ. ಬಿಚ್ಚುವ ಮುಂಚೆ ಪ್ರಶ್ನೆ ಕೇಳುತ್ತಾರಾ ನೋಡಿ. ಹಿಂದೆ ಯಾವಾಗ ಸರ್ವಿಸ್ ಆಗಿತ್ತು, ನೀರು ಬಿದ್ದಿತ್ತಾ, ರಾತ್ರಿ ಎಲ್ಲಿ ಇಡ್ತೀರಿ. ಹಳೇ ಪಾರ್ಟ್ ವಾಪಸ್ ಕೊಡಿ ಅಂದಾಗ ಮುಖ ಗಂಟಿಕ್ಕಿದರೆ ವಾಚ್ ಎತ್ತಿಕೊಂಡು ಬನ್ನಿ. ಡಯಲ್ ಮುಟ್ಟಬೇಡಿ ಅಂತ ಚೀಟಿಯಲ್ಲೇ ಬರೆಸಿ. ಮೊದಲ ಸಲ ಅಜ್ಜನ ವಾಚ್ ಕೊಡಬೇಡಿ, ಹೋದರೆ ಹೋಗಲಿ ಅನ್ನುವಂಥದ್ದು ಕೊಟ್ಟು ನೋಡಿ. ಬೇಗ ಕೊಡ್ತೀವಿ ಅನ್ನುವವರ ಬಗ್ಗೆ ನನ್ನ ಅಭಿಪ್ರಾಯ ಮೇಲೆ ಹೇಳಿದ್ದೇನೆ.

ಟ್ಯಾಬ್ ಕವರ್ ತೆಗೆಸಿದೆ. ಡಿಮ್ಯಾಗ್ನೆಟೈಸರ್ ಬೇಕು ಅಂತ ಹಾಕಿದ ಪರ್ಚೇಸ್ ರಿಕ್ವೆಸ್ಟ್ ಇನ್ನೂ ಅಪ್ರೂವಲ್‌ನಲ್ಲೇ ಇದೆ. ಟಿಎಟಿ ಗಡುವು ಮಾತ್ರ ಏಳು ದಿನವೇ. ಮೇಷ್ಟ್ರು ಈಗ ತಮ್ಮ ಮನೆಯವರ, ಪರಿಚಯದವರ ವಾಚುಗಳನ್ನೆಲ್ಲ ನೇರವಾಗಿ ಯಜಮಾನ್ರ ಹತ್ತಿರ ತರುತ್ತಾರಂತೆ. ತಿಂಗಳ ಮೀಟಿಂಗಿನಲ್ಲಿ ಮ್ಯಾನೇಜರ್ ಇದಕ್ಕೆ ‘ಕಸ್ಟಮರ್ ಲೀಕೇಜ್’ ಅಂದರು. ಅಡ್ರೆಸ್ ಕೊಟ್ಟವರು ಯಾರು ಅಂತ ಎಲ್ಲರ ಮುಖ ನೋಡಿದರು. ನಾನು ಪೆನ್ನಿನ ಕ್ಯಾಪ್ ಹುಡುಕುತ್ತಿದ್ದೆ.