ಕಾಡಿನಲ್ಲಿ ನಿಂತುಹೋದ ನೀಲಿ ಚುಕ್ಕೆ

ವಾಲ್ಕೆನ್ಸ್‌ವಾರ್ಡ್ ಊರು ದಾಟಿ, ಬೆಲ್ಜಿಯಂ ಗಡಿಯ ಕಡೆ ಪೈನ್ ಕಾಡಿನೊಳಗೆ ಸೈಕಲ್ ತಿರುಗಿಸಿದ ಸ್ವಲ್ಪ ಹೊತ್ತಿಗೆ ನನ್ನ ಫೋನಿನ ಮ್ಯಾಪ್ ಕೈಕೊಟ್ಟಿತು. ನೀಲಿ ಚುಕ್ಕೆ ನೆಟ್ಟ ಹಾಗೆ ಒಂದೇ ಕಡೆ ಕೂತಿತ್ತು. ನಾವು ಆಗಲೇ ಎರಡು ಕಿಲೋಮೀಟರ್ ತುಳಿದಿದ್ದೆವು. ಆಮೇಲೆ ಇದ್ದಕ್ಕಿದ್ದ ಹಾಗೆ ಹಾರಿ, ಪಕ್ಕದ ಕೊಳದ ನಡುವೆ ಹೋಗಿ ನಿಂತಿತು. ಅದರ ಸುತ್ತಲಿನ ತೆಳು ನೀಲಿ ವೃತ್ತ ಅಗಲವಾಗುತ್ತಾ ಹೋಗಿ ಅರ್ಧ ಕಾಡನ್ನೇ ನುಂಗಿತು. ಈ ಕಾಡಿನಲ್ಲಿ ಎಲ್ಲೋ ಇದ್ದೀಯ ಅನ್ನುವುದಕ್ಕಿಂತ ಹೆಚ್ಚಿಗೆ ಏನೂ ಹೇಳಲು ಅದಕ್ಕೆ ಆಗುತ್ತಿರಲಿಲ್ಲ.

ನಾನಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಆ ಶನಿವಾರ ಹಾಸನದ ಗೆಳೆಯನ ಜೊತೆ ಬೆಲ್ಜಿಯಂನ ಹೆಕ್ಟೆಲ್-ಎಕ್ಸೆಲ್‌ಗೆ ಹೊರಟಿದ್ದೆ. ಅಲ್ಲಿನ ಕಾಡಿನಲ್ಲಿ ಮರಗಳ ನಡುವೆ ಸುತ್ತುತ್ತಾ ಹತ್ತು ಮೀಟರ್ ಎತ್ತರಕ್ಕೆ ಏರಿ ಇಳಿಯುವ ಸೈಕಲ್ ಸೇತುವೆ ಇದೆ. 700 ಮೀಟರ್ ಉದ್ದ, 2019ರಲ್ಲಿ ತೆರೆದಿದ್ದು. ಅದರ ಮೇಲೆ ಒಂದು ಸಲ ಸೈಕಲ್ ಹೊಡೆಯಬೇಕು ಅನ್ನುವುದು ಬಹಳ ದಿನದ ಆಸೆ. ದಾರಿ ತೋರಿಸುವ ಕೆಲಸ ನನ್ನದು.

"ಬೇರೆ ಫೋನ್ ತಗೋ ಅಂತ ಆವಾಗ್ಲೇ ಹೇಳಿದ್ದೆ ಅಲ್ವಾ ಗುರೂ," ಎಂದ ಗೆಳೆಯ.

ಆ ಮಾತು ನಾಟಿತು. ಯಾಕೆಂದರೆ ಆ ಫೋನನ್ನು ನಾನು ಸುಮ್ನೆ ತಗೊಂಡಿದ್ದಲ್ಲ.

ನಮ್ಮೂರು ಬಂಗಾರಪೇಟೆ ಹತ್ತಿರ. ತಾತ ಕೆಜಿಎಫ್ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಕಲ್ಲೇ ಸುಡುತ್ತದೆ. ನನಗೆ ಬುದ್ಧಿ ಬರುವ ಹೊತ್ತಿಗೆ ತಾತ ರಿಟೈರ್ ಆಗಿದ್ದರು. ನನಗೆ ಚೆನ್ನಾಗಿ ನೆನಪಿರುವುದು ಅವರ ಕೆಮ್ಮು. ರಾತ್ರಿ ಎರಡು ಗಂಟೆಗೆ ಎದ್ದು, ಗೋಡೆಗೆ ಒರಗಿ ಕೂತು, ಒಂದು ಕೈಯಲ್ಲಿ ಎದೆ ಒತ್ತಿ ಹಿಡಿದುಕೊಂಡು ಕೆಮ್ಮುತ್ತಿದ್ದರು. ಅಜ್ಜಿ ಏನೂ ಮಾತಾಡದೆ ಬಿಸಿನೀರು ಇಟ್ಟು ಪಕ್ಕದಲ್ಲಿ ಕೂರುತ್ತಿದ್ದರು. ಉಸಿರಿನ ಜೊತೆ ಒಳಗೆ ಹೋದ ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತುಬಿಟ್ಟರೆ ಮತ್ತೆ ಹೊರಗೆ ಬರುವುದಿಲ್ಲ. ಅದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ ಎಂದು ನನಗೆ ಗೊತ್ತಾಗಿದ್ದು ಅವರು ಹೋದ ಎಷ್ಟೋ ವರ್ಷದ ಮೇಲೆ. 2001ರಲ್ಲಿ ಗಣಿಯೂ ಮುಚ್ಚಿತು.

ಪ್ರತಿ ಫೋನಿನೊಳಗೂ ಚೂರು ಚಿನ್ನ ಇದೆ. ತವರ, ಟ್ಯಾಂಟಲಮ್, ಟಂಗ್‌ಸ್ಟನ್ ಇವೆ. ಬ್ಯಾಟರಿಯಲ್ಲಿ ಕೋಬಾಲ್ಟ್ ಇದೆ. ಪೂರ್ವ ಕಾಂಗೋದಲ್ಲಿ ಬಂದೂಕು ಹಿಡಿದ ಗುಂಪುಗಳು ಇಂಥ ಅದಿರಿನ ದುಡ್ಡಿನಲ್ಲೇ ಬೆಳೆದಿವೆ. ಅದೇ ದೇಶದ ಕೋಬಾಲ್ಟ್ ಗುಂಡಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಚಿನ್ನ, ತವರ, ಟ್ಯಾಂಟಲಮ್, ಟಂಗ್‌ಸ್ಟನ್ ಎಲ್ಲಿಂದ ಬಂತು ಎಂದು ಆಮದು ಮಾಡುವವರು ವಿಚಾರಿಸಲೇಬೇಕು ಅನ್ನುವ ಕಾನೂನು ಯುರೋಪಿನಲ್ಲಿ 2021ರ ಜನವರಿಯಿಂದ ಜಾರಿಯಲ್ಲಿದೆ. ನಾನು ತಗೊಂಡ ಫೋನಿನವರು ಅದಕ್ಕಿಂತ ಮುಂದೆ ಹೋಗಿದ್ದರು. ಅದಿರಿನ ಮೂಲ ಹುಡುಕುತ್ತಾರೆ, ಫೋನ್ ಜೋಡಿಸುವ ಕಾರ್ಮಿಕರಿಗೆ ಕೂಲಿಯ ಮೇಲೆ ಸ್ವಲ್ಪ ಜಾಸ್ತಿ ಕೊಡುತ್ತಾರೆ, ಒಂದು ಸಣ್ಣ ಸ್ಕ್ರೂಡ್ರೈವರ್ ಇದ್ದರೆ ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡುವ ಹಾಗೆ ಮಾಡಿದ್ದಾರೆ. ಅದೇ ದುಡ್ಡಿಗೆ ಇನ್ನೂ ಚುರುಕಾದ ಫೋನ್ ಸಿಗುತ್ತಿತ್ತು. ಗೊತ್ತಿದ್ದೇ ತಗೊಂಡೆ.

ಗೆಳೆಯನ ಫೋನು ಕಾಡಿನಲ್ಲೂ ಸರಿಯಾಗಿಯೇ ತೋರಿಸುತ್ತಿತ್ತು. ಆದರೆ ಬ್ಯಾಟರಿ ತಳ ಕಂಡಿತ್ತು. ಅದನ್ನು ಉಳಿಸೋಣ ಅಂತ ಜೇಬಿಗೆ ಹಾಕಿ, ಕಂಬದ ನಂಬರ್ ನೋಡಿಕೊಂಡು ಹೋದೆವು. ಈ ಕಡೆಯ ಸೈಕಲ್ ದಾರಿಗಳು ಸೇರುವ ಪ್ರತಿ ಕಡೆಯೂ ಒಂದು ನಂಬರ್ ಇರುತ್ತದೆ. ಮುಂದಿನ ನಂಬರಿಗೆ ಯಾವ ಕಡೆ ತಿರುಗಬೇಕು ಎಂದು ಬಾಣ ಹಾಕಿರುತ್ತಾರೆ. ನಂಬರುಗಳ ಸಾಲು ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಭಾಷೆಯೂ ಬೇಡ. ಈ ಪದ್ಧತಿ ಶುರುವಾಗಿದ್ದು ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲೇ, 1995ರಲ್ಲಿ. ಹುಟ್ಟುಹಾಕಿದವರು ಹ್ಯೂಗೋ ಬೊಲೆನ್ ಅನ್ನುವ ಗಣಿ ಎಂಜಿನಿಯರ್. ಕಲ್ಲಿದ್ದಲು ಗಣಿಯ ಸುರಂಗಗಳು ಕೂಡುವ ಕಡೆ ಹಾಕುವ ನಂಬರುಗಳನ್ನೇ ಅವರು ನೆಲದ ಮೇಲೆ ತಂದರು. ಆಕಾಶವೇ ಕಾಣದ ಜಾಗಕ್ಕೆ ಮಾಡಿದ ಉಪಾಯ ಅದು. ಆ ದಿನ ನಮ್ಮನ್ನು ದಡ ಮುಟ್ಟಿಸಿದ್ದೂ ಅದೇ. ಸೇತುವೆ ಚೆನ್ನಾಗಿತ್ತು. ಆದರೆ ನನ್ನ ಮನಸ್ಸೆಲ್ಲ ಜೇಬಿನಲ್ಲಿದ್ದ ಫೋನಿನ ಮೇಲೆ.

ಸಂಜೆ ಐಂಡ್‌ಹೋವನ್‌ಗೆ ಬಂದ ಕೂಡಲೇ ಮ್ಯಾಪ್ ಮತ್ತೆ ಸರಿಯಾಯಿತು. ನಮ್ಮ ಬೀದಿ, ನಮ್ಮ ಬಿಲ್ಡಿಂಗು, ಎಲ್ಲ ಸರಿ. ಊರೊಳಗೆ ಫೋನು ಆಕಾಶದ ಉಪಗ್ರಹಗಳನ್ನಷ್ಟೇ ನೆಚ್ಚಿಕೊಂಡಿರುವುದಿಲ್ಲ. ಸುತ್ತಮುತ್ತಲಿನ ಮನೆಗಳ ವೈಫೈ, ಮೊಬೈಲ್ ಟವರುಗಳನ್ನು ನೋಡಿ ಇಂಥ ಕಡೆ ಇದ್ದೇನೆ ಎಂದು ಅಂದಾಜು ಮಾಡುತ್ತದೆ. ಕಾಡಿನಲ್ಲಿ ವೈಫೈ ಎಲ್ಲಿಂದ ಬರಬೇಕು? ಹಾಗಾಗಿ ಈ ಕಾಯಿಲೆ ಎಷ್ಟು ದಿನದಿಂದ ಇತ್ತೋ, ಊರೊಳಗೆ ಓಡಾಡುವಾಗ ಗೊತ್ತೇ ಆಗಿರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬ್ಯಾಟರಿ ಸೇವರ್ ತೆಗೆದೆ. ಮ್ಯಾಪ್‌ಗೆ ನಿಖರ ಲೊಕೇಶನ್ ಕೊಡುವ ಅನುಮತಿ ಇದೆಯಾ ನೋಡಿದೆ, ಇತ್ತು. ಉಪಗ್ರಹಗಳ ಹಳೇ ಮಾಹಿತಿ ಅಳಿಸಿ ಹೊಸದಾಗಿ ಇಳಿಸಿದೆ. ಇದು ಮಾಡಿ ನೋಡಬೇಕಾದ ಕೆಲಸವೇ. ಯಾವ ಉಪಗ್ರಹ ಎಲ್ಲಿದೆ ಅನ್ನುವ ಪಟ್ಟಿ ಇಂಟರ್ನೆಟ್‌ನಲ್ಲಿ ಬೇಗ ಬರುತ್ತದೆ. ಆಕಾಶದಿಂದಲೇ ತಗೊಳ್ಳಬೇಕು ಅಂದರೆ ಜಿಪಿಎಸ್ ಕಳಿಸುವುದು ಸೆಕೆಂಡಿಗೆ 50 ಬಿಟ್ ಮಾತ್ರ. ಪೂರ್ತಿ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಇಷ್ಟೆಲ್ಲ ಮಾಡಿ ಬಯಲಿಗೆ ಹೋಗಿ ನಿಂತೆ. ಏನೂ ಬದಲಾಗಲಿಲ್ಲ.

ಕಂಪನಿಗೆ ಮೇಲ್ ಹಾಕಿದೆ. ಎಲ್ಲ ಅಳಿಸಿ ಹೊಸದರ ಹಾಗೆ ರೀಸೆಟ್ ಮಾಡಿ ಎಂದು ಉತ್ತರ ಬಂತು. ಅದನ್ನೂ ಮಾಡಿದೆ. ಬ್ಯಾಂಕಿನ ಆ್ಯಪು, ಆಫೀಸಿನ ಆ್ಯಪು, ಊರಿನ ಫೋಟೋಗಳು, ಎಲ್ಲ ವಾಪಸ್ ಹಾಕುವುದರಲ್ಲಿ ಭಾನುವಾರದ ಮಧ್ಯಾಹ್ನ ಪೂರ್ತಿ ಹೋಯಿತು. ಚುಕ್ಕೆ ಮಾತ್ರ ಅದೇ ಹಾಡು. ಆ ರಾತ್ರಿ ನಿಜವಾಗಿ ಬೇಜಾರಾಯಿತು. ಒಳ್ಳೆಯ ಉದ್ದೇಶಕ್ಕೆ ಮಾಡಿದ ವಸ್ತು ಕೆಲಸದಲ್ಲೂ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಜನ ಆ ಉದ್ದೇಶವನ್ನೇ ಆಡಿಕೊಳ್ಳುತ್ತಾರೆ. ಗೆಳೆಯ ಹೇಳಿದ್ದೂ ಅದನ್ನೇ ಅಲ್ವಾ?

ಮುಂದಿನ ಶನಿವಾರ ಅವನನ್ನೇ ಕರೆದೆ. ಇಬ್ಬರೂ ಉಪಗ್ರಹಗಳ ಸಿಗ್ನಲ್ ತೋರಿಸುವ ಒಂದೇ ಆ್ಯಪ್ ಹಾಕಿಕೊಂಡೆವು. ಪಾರ್ಕಿನ ಮರದ ಬೆಂಚಿನ ಮೇಲೆ, ತಲೆಯ ಮೇಲೆ ಒಂದು ಕೊಂಬೆಯೂ ಇಲ್ಲದ ಕಡೆ, ಕವರ್ ತೆಗೆದ ಎರಡು ಫೋನುಗಳನ್ನು ಪಕ್ಕಪಕ್ಕ ಮಲಗಿಸಿ ಹತ್ತು ನಿಮಿಷ ಬಿಟ್ಟೆವು. ಮೊದಲೇ ಮಾಡಬೇಕಾಗಿದ್ದ ಕೆಲಸ ಇದು. ನಿಮಗೂ ಇದೇ ತೊಂದರೆ ಇದ್ದರೆ ರೀಸೆಟ್‌ಗೆ ಮುಂಚೆ ಇದನ್ನು ಮಾಡಿ.

ಆ್ಯಪಿನಲ್ಲಿ ಪ್ರತಿ ಉಪಗ್ರಹಕ್ಕೂ ಒಂದು ಅಂಕಿ ಬರುತ್ತದೆ. ಸಿಗ್ನಲ್ ಎಷ್ಟು ಗಟ್ಟಿ ಎಂದು ತೋರಿಸುವ ಅಂಕಿ. ಗೆಳೆಯನ ಫೋನಿನಲ್ಲಿ 36, 39, 42 ಹೀಗಿತ್ತು. ನನ್ನದರಲ್ಲಿ 15, 18, 21. ಎರಡೂ ನೋಡುತ್ತಿದ್ದದ್ದು ಅವೇ ಉಪಗ್ರಹಗಳನ್ನು. ಅಮೆರಿಕದ ಜಿಪಿಎಸ್, ಯುರೋಪಿನ ಗೆಲಿಲಿಯೋ, ರಷ್ಯಾದ ಗ್ಲೋನಾಸ್, ಎಲ್ಲದರಲ್ಲೂ ಇಷ್ಟೇ ವ್ಯತ್ಯಾಸ. ಇದು ಡೆಸಿಬೆಲ್ ಲೆಕ್ಕ. 20 ಕಮ್ಮಿ ಅಂದರೆ ನೂರರಲ್ಲಿ ಒಂದು ಪಾಲು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬರುವ ಹೊತ್ತಿಗೆ ಸಿಗ್ನಲ್ ಮೊದಲೇ ಬಡಕಲಾಗಿರುತ್ತದೆ. ಅದರಲ್ಲೂ ನೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕರೆ ಕಾಡಿನ ಎಲೆಗಳ ಕೆಳಗೆ ಏನು ಉಳಿಯುತ್ತದೆ? ಜಾಗ ಹೇಳಲು ಕನಿಷ್ಠ ನಾಲ್ಕು ಉಪಗ್ರಹ ಸಿಗಬೇಕು. ಮೂರು ಸಾಲುವುದಿಲ್ಲ, ಯಾಕೆಂದರೆ ಫೋನಿನ ಗಡಿಯಾರದ ತಪ್ಪನ್ನೂ ಲೆಕ್ಕ ಹಾಕಬೇಕು. ಆ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ಆಚೀಚೆ ಆಗುತ್ತದೆ. ನನ್ನ ಫೋನಿಗೆ ಬಟ್ಟಬಯಲಿನಲ್ಲೇ ಮೂರೋ ನಾಲ್ಕೋ ಸಿಗುತ್ತಿದ್ದವು.

ಆ ಅಂಕಿಗಳನ್ನು ನೋಡಿದ ಮೇಲೆ ಒಂದು ಸಮಾಧಾನ ಆಯಿತು. ಸೆಟ್ಟಿಂಗ್ ಕೆಟ್ಟಿದ್ದರೆ ಜಾಗ ಸಿಗುವುದು ತಡವಾಗಬಹುದು, ಲೆಕ್ಕ ತಪ್ಪಬಹುದು. ಆದರೆ ಅದರಿಂದ ಎಲ್ಲ ಉಪಗ್ರಹಗಳ ಸಿಗ್ನಲ್ಲೂ ಒಂದೇ ಸಮ ಕುಸಿಯುವುದಿಲ್ಲ. ಫೋನಿನ ಬುದ್ಧಿ ಸರಿ ಇದೆ, ಕಿವಿ ಕಟ್ಟಿಕೊಂಡಿದೆ.

ಆಗ ನೆನಪಾಯಿತು. ಎರಡು ತಿಂಗಳ ಹಿಂದೆ ಕ್ಯಾಮೆರಾ ಕೆಟ್ಟಿತ್ತು. ಹೊಸ ಭಾಗ ತರಿಸಿ ನಾನೇ ಕೂರಿಸಿದ್ದೆ. ಅದೇ ಜಾಗದ ಪಕ್ಕದಲ್ಲಿ ಆಂಟೆನಾ ಬೋರ್ಡಿಗೆ ಸೇರುತ್ತದೆ.

ಅವತ್ತೇ ಸಂಜೆ ಊಟದ ಟೇಬಲ್ ಒರೆಸಿ, ಬಿಳಿ ಹಾಳೆ ಹಾಸಿ ಕೂತೆ. ಮಗಳು ಟಾರ್ಚ್ ಹಿಡಿದಳು. ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಹೊರಗಿಟ್ಟು, ಒಂದೊಂದೇ ಸ್ಕ್ರೂ ಬಿಚ್ಚಿ ಕೊಟ್ಟೆ. ಯಾವುದು ಎಲ್ಲಿಯದು ಎಂದು ಅವಳು ಹಾಳೆಯ ಮೇಲೆ ಫೋನಿನ ಚಿತ್ರ ಬರೆದು, ಅದೇ ಜಾಗದಲ್ಲಿ ಇಡುತ್ತಾ ಬಂದಳು. ಮೇಲಿನ ಭಾಗ ಎತ್ತಿದಾಗ ಕೆಳಗೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಸ್ಪ್ರಿಂಗ್‌ಗಳ ಸಾಲು ಕಾಣಿಸಿತು. ತಗಡನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಮಾಡಿದವು. ಮೇಲಿನ ಭಾಗ ಕೂತಾಗ ಅವು ಒತ್ತಿಕೊಂಡು ಆಂಟೆನಾಗೆ ತಾಗುತ್ತವೆ.

"ಅಪ್ಪಾ, ಇದೊಂದು ಮಲಗಿದೆ," ಎಂದಳು ಮಗಳು.

ಭೂತಗನ್ನಡಿ ಹಿಡಿದು ನೋಡಿದೆ. ಹೌದು. ಉಳಿದವು ತಲೆ ಎತ್ತಿಕೊಂಡಿದ್ದವು, ಅಂಚಿನದೊಂದು ಚಪ್ಪಟೆಯಾಗಿತ್ತು. ಅದರ ತುದಿಗೆ ಜೇಬಿನ ಬಟ್ಟೆಯ ನಾರು ಒಂದು ಎಳೆ, ಜಿಡ್ಡಿಗೆ ಅಂಟಿಕೊಂಡು ಕೂತಿತ್ತು. ಕ್ಯಾಮೆರಾ ಕೂರಿಸುವಾಗ ನನ್ನ ಹೆಬ್ಬೆರಳೇ ಅದನ್ನು ಅದುಮಿರಬೇಕು.

ಕಿವಿ ಕ್ಲೀನ್ ಮಾಡುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಹಿಂಡಿ, ಮೆಲ್ಲಗೆ ಒರೆಸಿದೆ. ನಾರು ಬಂತು. ಬಿಳಿ ಹತ್ತಿಯ ಮೇಲೆ ಕಂದು ಕಲೆ ಬಂತು. ಆಮೇಲೆ ಹಲ್ಲುಕಡ್ಡಿಯ ತುದಿಯಿಂದ ಆ ಸ್ಪ್ರಿಂಗನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿದೆ. ಜಾಸ್ತಿ ಎತ್ತಿದರೆ ಮುರಿದುಹೋಗುತ್ತದೆ. ಉಸಿರು ಬಿಗಿ ಹಿಡಿದಿದ್ದು ಆಮೇಲೆ ಗೊತ್ತಾಯಿತು. ಟಾರ್ಚ್ ಬೆಳಕಿಗೆ ಅದರ ತುದಿ ಹಳದಿಯಾಗಿ ಮಿಂಚಿತು.

"ಇದು ನಿಜವಾದ ಚಿನ್ನಾನಾ?"

"ಹೂಂ. ತುಂಬಾ ತೆಳ್ಳಗೆ ಬಳಿದಿರ್ತಾರೆ. ಚಿನ್ನಕ್ಕೆ ತುಕ್ಕು ಹಿಡಿಯಲ್ಲ, ಅದಕ್ಕೆ."

"ಮುತ್ತಾತ ತೆಗೀತಿದ್ರಲ್ಲ, ಅದಾ?"

ಆ ಚಿನ್ನ ಅಲ್ಲ ಎಂದೆ. ಆದರೆ ಅವರ ಹಾಗೇ ಯಾರೋ ನೆಲದ ಕೆಳಗೆ ಇಳಿದು ತೆಗೆದಿದ್ದು ಎಂದು ಹೇಳಿದೆ. ಅವಳು ಟಾರ್ಚನ್ನು ಇನ್ನೂ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ತಾತನ ಕೆಮ್ಮಿನ ಬಗ್ಗೆ ನಾನು ಅವಳಿಗೆ ಮೊದಲ ಸಲ ಹೇಳಿದ್ದು ಅವತ್ತೇ, ಸ್ಕ್ರೂಗಳನ್ನು ಒಂದೊಂದಾಗಿ ವಾಪಸ್ ಹಾಕುತ್ತಾ.

ಬಾಲ್ಕನಿಗೆ ಹೋಗಿ ಆ್ಯಪ್ ತೆರೆದೆವು. ಮೊದಲು 24 ಬಂತು. ಎದೆ ಧಸಕ್ಕೆಂದಿತು. ಆಮೇಲೆ 31. ಆಮೇಲೆ 38, 40. ಬೂದು ಬಣ್ಣದ ಕಂಬಗಳು ಒಂದರ ಹಿಂದೆ ಒಂದು ಹಸಿರಾದವು. ಮಗಳು ಎಣಿಸುತ್ತಾ ಹೋದಳು. ಹದಿನೇಳು ಉಪಗ್ರಹ. ಸ್ಕ್ರೀನ್‌ಶಾಟ್ ತೆಗೆದು ಗೆಳೆಯನಿಗೆ ಕಳಿಸಿದೆ. "ಸೂಪರ್ ಗುರೂ, ಮುಂದಿನ ವಾರ ದಾರಿ ನೀನೇ ತೋರ್ಸು," ಎಂದು ಉತ್ತರ ಬಂತು.

ಕಂಪನಿಗೂ ಬರೆದೆ, ಫೋಟೋ ಸಮೇತ. ಜನರೇ ರಿಪೇರಿ ಮಾಡಲಿ ಎಂದು ಫೋನ್ ಮಾಡಿದ ಮೇಲೆ, ಕ್ಯಾಮೆರಾ ಬದಲಿಸುವಾಗ ಈ ಸ್ಪ್ರಿಂಗ್‌ಗೆ ಬೆರಳು ತಾಗಿಸಬೇಡಿ ಎಂದು ಗೈಡಿನಲ್ಲಿ ಒಂದು ಸಾಲು ಇರಲೇಬೇಕು. ಜಿಪಿಎಸ್ ಸರಿಯಿಲ್ಲ ಎಂದು ಬರೆದವರಿಗೆ, ರೀಸೆಟ್ ಮಾಡಿ ಅನ್ನುವ ಮುಂಚೆ, ಸಿಗ್ನಲ್ ಅಂಕಿ ಎಷ್ಟಿದೆ ಎಂದು ಕೇಳಬೇಕು. ಸಿಟ್ಟಿನಿಂದ ಬರೆದಿದ್ದಲ್ಲ. ಇಂಥ ಫೋನು ಉಳಿಯಬೇಕು, ಇನ್ನೂ ಹತ್ತು ಜನ ತಗೊಳ್ಳಬೇಕು ಅನ್ನುವ ಆಸೆಯಿಂದ ಬರೆದೆ.

ಮುಂದಿನ ಶನಿವಾರ ಮಗಳೂ ಸೈಕಲ್ ತಂದಳು. ಅದೇ ಕಾಡು, ಅದೇ ಕೊಳ. ಈ ಸಲ ಚುಕ್ಕೆ ನೀರಿಗಿಳಿಯದೆ ದಂಡೆಯ ದಾರಿಯಲ್ಲಿ ನಮ್ಮ ಜೊತೆಯೇ ಬಂತು. ಮುಂದೆ ಹೋಗುತ್ತಿದ್ದ ಮಗಳು ಕಂಬದ ಹತ್ತಿರ ನಿಂತು ನಂಬರ್ ಕೂಗಿದಳು. ನಾನು ಫೋನ್ ನೋಡಿದೆ. ಎರಡೂ ಒಂದೇ ದಾರಿ ಹೇಳಿದವು, ಬಲಕ್ಕೆ.