ಗಂಟೆಗೆ ಹತ್ತು ಲೀಟರ್

ಮೇ ತಿಂಗಳ ಕೊನೆಯ ವಾರ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರಿಲ್ಲ. ಪಾಂಡವಪುರದ ಹತ್ತಿರ ನಮ್ಮ ಒಂದು ಎಕರೆ ಕೂಳೆ ಕಬ್ಬು ಮಧ್ಯಾಹ್ನದ ಬಿಸಿಲಿಗೆ ಗರಿ ಸುತ್ತಿಕೊಳ್ಳುತ್ತಿತ್ತು. ಹಳ್ಳದ ಗುಂಡಿಯಲ್ಲಿ ಉಳಿದಿದ್ದ ನೀರಿಗೆ ಹೀರುವ ಪೈಪಿನ ತುದಿಯ ಫುಟ್ ವಾಲ್ವ್ ಇಳಿಸಿ, 5 ಎಚ್‌ಪಿ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹೊಡೆದು ಚಾಲೂ ಮಾಡಿದ್ದೆ. ಮಲ್ಪೆಯಿಂದ ಅಕ್ಕನ ಮಗನ ಫೋನ್ ಬಂತು.

"ಮಾವ, ಈ ಎಂಜಿನ್ನು ಗಂಟೆಗೆ ಹತ್ತು ಲೀಟರ್ ಕುಡೀತದೆ. ಇದನ್ನ ಕಟ್ಕೊಂಡು ದೋಣಿ ಓಡ್ಸಕಾಯ್ತದಾ?"

ಅಲ್ಲಿ ಕೆಲಸಕ್ಕಿರುವ ಅವನು ಇಬ್ಬರು ಗೆಳೆಯರ ಜೊತೆ ಸೇರಿ 28 ಅಡಿಯ ಹಳೆಯ ದೋಣಿಯೊಂದನ್ನು ಕೊಂಡಿದ್ದ. ಎರಡು ಸಿಲಿಂಡರ್, 20 ಎಚ್‌ಪಿ, ಪೂರ್ತಿ ಓಟ 2500 ಆರ್‌ಪಿಎಂ, ಅಂದರೆ ನಿಮಿಷಕ್ಕೆ 2500 ಸುತ್ತು. ಟ್ಯಾಂಕಿನ ಮೀಟರ್ ಕೆಟ್ಟಿದೆ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗುವ ಮೊದಲು ಒಂದು ಸಲ ಮೂರು ಗಂಟೆಯ ದಾರಿ ಹೋಗಿ ಬರಬೇಕು, ಎಷ್ಟು ಡೀಸೆಲ್ ಒಯ್ಯಲಿ ಎಂಬುದು ಅವನ ಪ್ರಶ್ನೆ. ಅಳತೆಯನ್ನೂ ಅವನೇ ಮಾಡಿದ್ದ. 5 ಲೀಟರಿನ ಕ್ಯಾನಿಗೆ ಪೈಪು ಇಳಿಸಿ 2000 ಆರ್‌ಪಿಎಂನಲ್ಲಿ ಓಡಿಸಿದ್ದಾನೆ, ಅರ್ಧ ಗಂಟೆಗೆ ಕ್ಯಾನ್ ಬರಿದಾಗಿದೆ.

ಇಪ್ಪತ್ತು ವರ್ಷದಿಂದ ಪಂಪ್‌ಸೆಟ್ ರಿಪೇರಿ ಮಾಡುತ್ತಿರುವ ನನಗೆ ಆ ಲೆಕ್ಕ ಒಪ್ಪಲಿಲ್ಲ. ಚೆನ್ನಾಗಿರುವ ಸಣ್ಣ ಡೀಸೆಲ್ ಎಂಜಿನ್ ಒಂದು ಕಿಲೋವ್ಯಾಟ್ ಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು 250 ಗ್ರಾಂ ಡೀಸೆಲ್ ಸುಡುತ್ತದೆ. 20 ಎಚ್‌ಪಿ ಅಂದರೆ 15 ಕಿಲೋವ್ಯಾಟ್. ಗಂಟೆಗೆ ಹೆಚ್ಚೂಕಡಿಮೆ 3.75 ಕಿಲೋ. ಒಂದು ಲೀಟರ್ ಡೀಸೆಲ್ 840 ಗ್ರಾಂ ತೂಗುತ್ತದೆ, ಹಾಗಾಗಿ ಪೂರ್ತಿ ಕಿವಿ ಹಿಂಡಿದರೂ ನಾಲ್ಕೂವರೆ ಲೀಟರ್. ಹತ್ತು ಲೀಟರನ್ನು ನಿಜವಾಗಿ ಸುಟ್ಟಿದ್ದರೆ ಕಪ್ಪು ಹೊಗೆಯಲ್ಲಿ ಅವನಿಗೆ ದಡ ಕಾಣುತ್ತಿರಲಿಲ್ಲ.

"ಹೊಗೆ ಹೆಂಗದೆ?"

"ಹೊಗೆನೇ ಇಲ್ಲ ಮಾವ, ಚೆನ್ನಾಗದೆ."

"ರಿಟರ್ನ್ ಪೈಪು ಎಲ್ಲಿಗೆ ಬಿಟ್ಟಿದ್ಯ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅದು ಟ್ಯಾಂಕಿಗೇ ಅದೆ."

ಸಿಕ್ಕಿತು. ಫೀಡ್ ಪಂಪು ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ತಳ್ಳುತ್ತದೆ. ಮಿಕ್ಕಿದ್ದು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಂದ ಸೋರಿದ್ದು, ಎಲ್ಲ ರಿಟರ್ನ್ ಪೈಪಿನಲ್ಲಿ ವಾಪಸು ಹೋಗುತ್ತದೆ. ಅವನು ಕ್ಯಾನಿನಿಂದ ಹೀರಿಸಿ ಟ್ಯಾಂಕಿಗೆ ತುಂಬಿಸುತ್ತಿದ್ದ. ಎರಡು ಪೈಪನ್ನೂ ಅದೇ ಕ್ಯಾನಿಗೆ ಬಿಡು, ಪೈಪಿನೊಳಗಿನ ಏರ್ ತೆಗೆದು ಮತ್ತೆ ಓಡಿಸು, ಕಟ್ಟೆಗೆ ಕಟ್ಟಿ ನ್ಯೂಟ್ರಲ್‌ನಲ್ಲಿ ಅಲ್ಲ, ನೀರಿನಲ್ಲಿ ಲೋಡ್ ಮೇಲೆ ಓಡಿಸು ಅಂದೆ.

ಅವನು ಅತ್ತ ಹೋದ ಮೇಲೆ ನನಗೂ ಸುಮ್ಮನಿರಲಾಗಲಿಲ್ಲ. ಗೆರೆ ಹಾಕಿದ ಬಾಟಲಿಯಿಂದ ನನ್ನ ಎಂಜಿನ್ನಿಗೂ ಡೀಸೆಲ್ ಕೊಟ್ಟೆ. ಅರ್ಧ ಲೀಟರ್ 40 ನಿಮಿಷ ಬಂತು, ಗಂಟೆಗೆ ಮುಕ್ಕಾಲು ಲೀಟರ್. ಅದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಪಂಪು ಕೇಳುತ್ತಿರುವುದು ಎರಡೂವರೆ ಕಿಲೋವ್ಯಾಟ್. ಎಂಜಿನ್ 5 ಎಚ್‌ಪಿ ಆದರೂ ದುಡಿಯುತ್ತಿರುವುದು ಮೂರೂವರೆಯಷ್ಟೇ. ಎಂಜಿನ್ ಕುಡಿಯುವುದು ಹೊರೆ ನೋಡಿ, ಪ್ಲೇಟಿನ ಮೇಲಿನ ಅಂಕಿ ನೋಡಿ ಅಲ್ಲ.

ಇನ್ನಷ್ಟು ಉಳಿಸೋಣವೆಂದು ಎಂಜಿನ್ನನ್ನು 1500 ಆರ್‌ಪಿಎಂನಿಂದ 1200ಕ್ಕೆ ಇಳಿಸಿದೆ. ಪಂಪಿನ ನೀರಿಗೆ 20 ಸೆಕೆಂಡಿನಲ್ಲಿ ತುಂಬುತ್ತಿದ್ದ ಡ್ರಮ್ಮು 40 ಸೆಕೆಂಡ್ ಕಳೆದರೂ ತುಂಬಲಿಲ್ಲ. ನೀರನ್ನು ಗುಂಡಿಯಿಂದ ಏರಿಯ ಮೇಲಕ್ಕೆ ಎತ್ತಲೇಬೇಕಲ್ಲ, ಆ ಎತ್ತರ ವೇಗದ ಜೊತೆ ಇಳಿಯುವುದಿಲ್ಲ. ಮತ್ತೆ 1500ಕ್ಕೇ ಏರಿಸಿದೆ.

ದೋಣಿಗೆ ಈ ಕಷ್ಟವಿಲ್ಲ. ಅದರ ಪ್ರೊಪೆಲ್ಲರ್ ಕೇಳುವ ಶಕ್ತಿ ಅದು ತಿರುಗುವ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 2500ರ ಬದಲು 2000ದಲ್ಲಿ, ಅಂದರೆ ನೂರಕ್ಕೆ 80ರಲ್ಲಿ ಓಡಿಸಿದರೆ 0.8ರ ಘನ 0.51, ಅರ್ಧ ಶಕ್ತಿ ಸಾಕು. ನಾಲ್ಕು ಗಂಟೆಗೆ ಫೋನ್ ಮಾಡಿದಾಗ ಅವನ ದನಿಯೇ ಬೇರೆಯಾಗಿತ್ತು. 2000ದಲ್ಲಿ ಗಂಟೆಗೆ ಎರಡೂವರೆ ಲೀಟರ್, ವೇಗ 10 ಕಿ.ಮೀ. ಪೂರ್ತಿ ಎಳೆದರೆ ನಾಲ್ಕೂವರೆ ಲೀಟರ್, ವೇಗ 12 ಕಿ.ಮೀ. ಅಂಥ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ ದಾಟಲಾರದು. ಹಾಗಾಗಿ ಕೊನೆಯ 2 ಕಿ.ಮೀ. ವೇಗಕ್ಕೆ 2 ಲೀಟರ್ ಹೋಯಿತು. ನನಗೆ ಅದನ್ನು ಕೇಳಿ ಆದ ಸಂತೋಷ ಹೇಳತೀರದು, ನೂರಾರು ಕಿ.ಮೀ. ಆಚೆಯ ಎಂಜಿನ್ನು ನನ್ನ ಕಾಗದದ ಲೆಕ್ಕಕ್ಕೆ ಹೊಂದಿಕೊಂಡಿತ್ತು.

"ಹಂಗಾರೆ ಆರು ಗಂಟೆಗೆ ಹದಿನೈದು ಲೀಟರ್ ಸಾಕಲ್ವಾ?"

"ಸಾಕಾಗಲ್ಲ ಕಣ್ಲಾ. ಹೋಗೋಕೆ ಒಂದು ಪಾಲು, ಬರೋಕೆ ಒಂದು ಪಾಲು, ಕೈಕಾವಲಿಗೆ ಇನ್ನೊಂದು ಪಾಲು. ಇಪ್ಪತ್ತಮೂರು ಲೀಟರ್ ಇಟ್ಕೊ. ಮಳೆಗಾಲದ ಮುಂಚಿನ ಗಾಳಿ, ಎದುರು ಬಂದ್ರೆ ಮೂರು ಗಂಟೆ ದಾರಿ ನಾಲ್ಕಾಯ್ತದೆ."

ಒಪ್ಪಿಕೊಂಡ. ಫೋನ್ ಇಟ್ಟು ನೋಡಿದರೆ ನೀರು ಇನ್ನೂ ಅರ್ಧ ಎಕರೆಗೆ ಹಾಯಬೇಕಿತ್ತು, ಆರು ಗಂಟೆಯ ಕೆಲಸ. ನಾಲ್ಕೂವರೆ ಲೀಟರ್ ಬೇಕು. ಕ್ಯಾನಿನಲ್ಲಿ ಮೂರಿತ್ತು. ಬಂಕ್ ಮುಚ್ಚುವುದರೊಳಗೆ ತಂದುಬಿಡೋಣವೆಂದು ಗಾಡಿ ಹತ್ತಿದೆ.